ಆಣೆಕಲ್ಲು ಬಿದ್ದ ಮೇಲಿನ ಮೂರು ದಿನ

ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ನಮ್ಮ ಜಮಖಂಡಿ ಭಾಗದಲ್ಲಿ ಅಡ್ಡಮಳೆಯ ಅಂಜಿಕೆ ಶುರು. ಮಧ್ಯಾಹ್ನ ಮೋಡ ಕಟ್ಟಿ, ಸಂಜಿಮುಂದ ಗಾಳಿ ಎದ್ದು, ಹತ್ತು ನಿಮಿಷ ಆಣೆಕಲ್ಲು ಬಿದ್ದರೆ ಸಾಕು. ಮನೆ ಮೇಲಿನ ಪತ್ರಾಸು, ಹೊಲದಲ್ಲಿನ ಬಿಳಿಜೋಳ ಎರಡೂ ಒಂದೇ ಏಟಿಗೆ ಹೋಗುತ್ತವೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನ ತನಕ ಮಹಾರಾಷ್ಟ್ರದಲ್ಲಿ ಮತ್ತು ನಮ್ಮ ಉತ್ತರ ಕರ್ನಾಟಕದಲ್ಲಿ ಬಿದ್ದ ಆಣೆಕಲ್ಲು ದ್ರಾಕ್ಷಿ, ಜೋಳ, ಗೋಧಿ ಬೆಳೆದವರಿಗೆಲ್ಲ ನೆನಪಿದೆ.

ಚಿಕ್ಕಪಡಸಲಗಿ ಅಂದರೆ ಹೊರಗಿನವರು ಬ್ಯಾರೇಜನ್ನೇ ನೆನೆಸುತ್ತಾರೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ ಕೃಷ್ಣೆಗೆ ಕಟ್ಟಿದ್ದು ಅದು. ಆದರೆ ನೀರು ಏರದ ಎರಿ ಹೊಲಗಳೂ ಈ ಭಾಗದಲ್ಲಿ ಇವೆ. ನಮ್ಮಂಥವರದು ಹಿಂಗಾರಿ ಜೋಳ, ಕಡಲೆ, ಕುಸುಬಿ. ವರ್ಷಕ್ಕೆ ಒಂದೇ ಪೀಕು. ಅದು ತೆನೆ ಕಟ್ಟಿದಾಗಲೇ ಕಲ್ಲು ಬಿದ್ದರೆ ಹಿಂದೆ ಇನ್ನೊಂದು ಬೆಳೆ ಇಲ್ಲ.

ಆಣೆಕಲ್ಲಿನ ಸ್ವಭಾವ ಮೊದಲು ತಿಳಿಯಬೇಕು. ಅದು ಮಳೆಯ ಹಾಗೆ ಊರಿಗೆಲ್ಲ ಬೀಳುವುದಿಲ್ಲ, ಪಟ್ಟಿ ಹಿಡಿದು ಹೋಗುತ್ತದೆ. ನನ್ನ ಹೊಲದಲ್ಲಿ ತೆನೆ ನೆಲಕ್ಕೆ, ಬದುವಿನ ಆಚೆ ಎಲೆಯೂ ಹರಿದಿಲ್ಲ. ಬೆಳೆ ವಿಮೆ ನಡೆಯುವುದು ಬೇರೆ ಲೆಕ್ಕದಲ್ಲಿ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಘಟಕ. ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಪಂಚಾಯತಿಯ ಸರಾಸರಿ ಸರಿ ಇದ್ದರೆ ನನ್ನ ಎರಡು ಎಕರೆ ಪೂರ್ತಿ ಹೋದರೂ ಸರಾಸರಿ ಲೆಕ್ಕದಲ್ಲಿ ದುಡ್ಡು ಬರುವುದಿಲ್ಲ. "ವಿಮಾ ಕಟ್ಟೀನಿ, ತಾನೇ ಬರ್ತೈತಿ ಬಿಡ್ರಿ" ಎಂದು ಸುಮ್ಮನಿರುವವರು ಕೆಡುವುದು ಇಲ್ಲಿಯೇ.

2016ರಲ್ಲಿ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇದಕ್ಕೊಂದು ಬೇರೆ ದಾರಿ ಇದೆ. ಆಣೆಕಲ್ಲು, ಭೂಕುಸಿತ, ಹೊಲ ಮುಳುಗುವುದು ಇವನ್ನು ಸ್ಥಳೀಯ ವಿಕೋಪ ಎಂದು ಹಿಡಿದು ಒಬ್ಬೊಬ್ಬ ರೈತನ ಹೊಲವನ್ನೇ ನೋಡುತ್ತಾರೆ. ಆದರೆ ಹಾನಿಯಾದ 72 ತಾಸಿನೊಳಗೆ ರೈತನೇ ತಿಳಿಸಬೇಕು. 2020ರಿಂದ ಈ ರಕ್ಷಣೆಯನ್ನು ಸೇರಿಸುವುದು ಬಿಡುವುದು ರಾಜ್ಯಕ್ಕೆ ಬಿಟ್ಟ ವಿಷಯ. ಆದ್ದರಿಂದ ಕಂತು ಕಟ್ಟುವಾಗಲೇ ರೈತ ಸಂಪರ್ಕ ಕೇಂದ್ರದಲ್ಲಿ "ಈ ಹಂಗಾಮಿನ ಆದೇಶದಾಗ ಆಣಿಕಲ್ಲು ಐತೇನ್ರೀ ಸಾಹೇಬ್ರ" ಎಂದು ಕೇಳಿ, ವಿಮಾ ಕಂಪನಿಯ ಹೆಸರು, ನಮ್ಮ ಅರ್ಜಿ ಸಂಖ್ಯೆ ಎರಡನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ಕಲ್ಲು ಬಿದ್ದ ರಾತ್ರಿ ಕರೆಂಟ್ ಇರುವುದಿಲ್ಲ, ಟ್ರಂಕಿನಲ್ಲಿ ರಸೀದಿ ಹುಡುಕುವುದು ಆಗದ ಮಾತು.

ತಿಳಿಸುವುದು 14447 ನಂಬರಿಗೆ, ಇಲ್ಲವೆ ಬೆಳೆ ವಿಮೆ ಆ್ಯಪಿನಲ್ಲಿ. ಫೋನ್ ಮಾಡಿದರೆ ಅವರು ಕೊಡುವ ದೂರು ಸಂಖ್ಯೆ ಬರೆದುಕೊಳ್ಳಿರಿ. ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಅರ್ಜಿಯನ್ನೂ ಕೊಟ್ಟು ಅದರ ನಕಲಿನ ಮೇಲೆ ಸಿಕ್ಕಾ ಹಾಕಿಸಿಕೊಳ್ಳುವುದು ಒಳ್ಳೆಯದು. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ. ಕಲ್ಲು ಅರ್ಧ ತಾಸಿನಲ್ಲಿ ಕರಗಿ ಹೋಗುತ್ತದೆ. ಮನೆಯಲ್ಲಿ ಹುಡುಗರ ಮೊಬೈಲ್ ಇದ್ದರೆ, ಒಂದು ತಾಟಿನಲ್ಲಿ ಕಲ್ಲು ಆರಿಸಿ ಪಕ್ಕದಲ್ಲಿ ನಿಂಬೆಹಣ್ಣು ಇಟ್ಟು ಫೋಟೋ ತೆಗೆಸಿರಿ. ಹೊಲದ ಫೋಟೋದಲ್ಲಿ ಬದುವಿನ ಕಲ್ಲೋ ಬೇವಿನ ಗಿಡವೋ ಕಾಣಬೇಕು, ಇಲ್ಲದಿದ್ದರೆ ಅದು ಯಾರ ಹೊಲವೂ ಆಗಬಹುದು.

ತಿಳಿಸಿದ 48 ತಾಸಿನೊಳಗೆ ಕಂಪನಿ ಹಾನಿ ನೋಡುವವರನ್ನು ನೇಮಿಸಬೇಕು ಎಂದು ನಿಯಮ. ಕಂಪನಿಯವರು, ಕೃಷಿ ಅಧಿಕಾರಿ, ಹೊಲದ ರೈತ ಸೇರಿಯೇ ನೋಡಬೇಕು. ಅಲ್ಲಿಯತನಕ ಹೊಲ ಹರಗಬಾರದು. ದನಗಳಿಗೆ ಮೇವಿಲ್ಲದೆ ಕೊಯ್ಯಲೇಬೇಕಾದರೆ ನಡುವೆ ಒಂದು ಪಟ್ಟಿಯನ್ನಾದರೂ ಬಿದ್ದ ಹಾಗೆಯೇ ಬಿಡಿರಿ. (ಮೇವಿನ ಮಾತು ಬಂತು, ಹೇಳಿಬಿಡುತ್ತೇನೆ: ಕಲ್ಲಿಗೆ ಮುರಿದ ಜೋಳದ ಬುಡದಿಂದ ಹೊಸದಾಗಿ ಒಡೆದ ಎಳೆ ಚಿಗುರಿನಲ್ಲಿ ವಿಷ ಇರುತ್ತದೆ. ದನ ಬಿಟ್ಟು ಮೇಯಿಸಬೇಡಿರಿ.)

ದುಡ್ಡಿನ ಲೆಕ್ಕ ಹೀಗೆ. ಎಕರೆಗೆ 15,000 ರೂಪಾಯಿ ವಿಮೆ ಇದೆ ಎಂದು ಹಿಡಿಯೋಣ. ಹಿಂಗಾರಿಗೆ ರೈತನ ಕಂತು ನೂರಕ್ಕೆ ಒಂದೂವರೆ, ಅಂದರೆ 225 ರೂಪಾಯಿ. ಕಲ್ಲು ಬೀಳುವ ಹೊತ್ತಿಗೆ ಒಟ್ಟು ಖರ್ಚಿನಲ್ಲಿ ನೂರಕ್ಕೆ 70 ಮಾಡಿದ್ದೇವೆ, ಹಾನಿ ನೂರಕ್ಕೆ 60 ಎಂದು ಬರೆದರು ಅನ್ನಿ. 15,000ದ 70 ಪಾಲು 10,500, ಅದರ 60 ಪಾಲು 6,300 ರೂಪಾಯಿ. ಪೂರ್ತಿ 15,000 ಬರುತ್ತದೆಂದು ಹೇಳುವ ಏಜೆಂಟನನ್ನು ನಂಬಬಾರದು. ಸುಗ್ಗಿ ಆದ ಮೇಲೆ ಪಂಚಾಯತಿ ಸರಾಸರಿಯ ಲೆಕ್ಕದಲ್ಲಿ ಹೆಚ್ಚು ಬರುವಂತಿದ್ದರೆ ವ್ಯತ್ಯಾಸ ಮಾತ್ರ ಸಿಗುತ್ತದೆ. ಘಟಕದಲ್ಲಿ ವಿಮೆ ಮಾಡಿದ ಕ್ಷೇತ್ರದ ಕಾಲುಪಾಲಿಗಿಂತ ಹೆಚ್ಚು ಕೆಟ್ಟಿದ್ದರೆ ಮಾದರಿ ಹೊಲ ನೋಡಿ, ವೇಳೆಯೊಳಗೆ ತಿಳಿಸಿದವರೆಲ್ಲರಿಗೂ ಕೊಡುತ್ತಾರೆ. ಹಾಗಾಗಿ ಓಣಿಯವರೆಲ್ಲ ಕೂಡಿ ತಿಳಿಸುವುದು ಲೇಸು.

ಕೊಯ್ದು ಒಣಗಲು ಹರವಿದ ಜೋಳ ಕೆಟ್ಟರೂ ಕೊಯ್ಲಾದ 14 ದಿನದ ತನಕ ರಕ್ಷಣೆ ಇದೆ. 2018ರಲ್ಲಿ ಆಣೆಕಲ್ಲನ್ನೂ ಇದರಲ್ಲಿ ಸೇರಿಸಿದರು. ಇಲ್ಲಿಯೂ ಅದೇ 72 ತಾಸು. ಇನ್ನೊಂದು ತೊಡಕು ಬೆಳೆ ಸಮೀಕ್ಷೆ. ವಿಮೆಯಲ್ಲಿ ಜೋಳ, ಸಮೀಕ್ಷೆಯಲ್ಲಿ ಕಡಲೆ ಎಂದಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ. ಬಿತ್ತಿದ ಮೇಲೆ ಒಮ್ಮೆ ನೋಡಿಕೊಳ್ಳಿರಿ.

ಮನೆಯ ಪತ್ರಾಸಿನ ದಾರಿಯೇ ಬೇರೆ. ಬೆಳೆ ವಿಮೆಗೂ ಇದಕ್ಕೂ ಸಂಬಂಧ ಇಲ್ಲ. ಅರ್ಜಿ ತಲಾಟಿಯವರಿಗೆ (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ), ಪಂಚನಾಮೆ ಆಗಿ ತಹಶೀಲ್ದಾರ ಕಚೇರಿಗೆ ಹೋಗಬೇಕು. ವಿಕೋಪ ಪರಿಹಾರ ನಿಧಿಯಲ್ಲಿ 2022ರಿಂದ 2026ರ ಮಾರ್ಚ್ ತನಕದ ಮಾಪನದಂತೆ, ನೂರಕ್ಕೆ 15ಕ್ಕಿಂತ ಕಡಿಮೆ ಇಲ್ಲದಂತೆ ಭಾಗಶಃ ಕೆಟ್ಟ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಮನೆಗೆ ಹೊಂದಿದ ದನದ ಕೊಟ್ಟಿಗೆಗೆ 3,000 ರೂಪಾಯಿ. ಬೆಳೆಗೂ ಇದೇ ನಿಧಿಯಿಂದ, ಮೂರನೇ ಒಂದು ಪಾಲು ಹೋದ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500, ಅಂದರೆ ಎಕರೆಗೆ ಸುಮಾರು 3,440. ಎರಡು ಹೆಕ್ಟೇರಿನ ಮಿತಿ. 2019ರ ಆಗಸ್ಟ್ ಪ್ರವಾಹದಲ್ಲಿ ಬಿದ್ದ ಮನೆಗೆ ರಾಜ್ಯ 5 ಲಕ್ಷದ ತನಕ ಘೋಷಿಸಿದ್ದನ್ನು ನೆನೆಸಿ ಆಸೆಪಟ್ಟರೆ ಉಪಯೋಗವಿಲ್ಲ.

ಪಂಚನಾಮೆಗೆ ಮುಂಚೆ ರಿಪೇರಿ ಮಾಡಿದರೆ ತೋರಿಸಲು ಏನೂ ಉಳಿಯುವುದಿಲ್ಲ. ಆದರೆ ಮಕ್ಕಳು ಮರಿ ಬಯಲಲ್ಲಿ ಮಲಗಲಾರವು. ತಾಡಪಾಲು ಹೊದಿಸಿ, ಒಡೆದ ತುಂಡುಗಳನ್ನು ಒಂದು ಕಡೆ ಒಟ್ಟಿ ಇಡಿರಿ. ಸಿಮೆಂಟ್ ಪತ್ರಾಸಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ನೀರು ಚಿಮುಕಿಸಿಯೇ ಎತ್ತಬೇಕು, ಒಣ ಕಸಬರಿಗೆಯಿಂದ ಉಡುಗಬಾರದು.

ಎರಡನೇ ದಿನಕ್ಕೆ ಟೆಂಪೋ ಹೇರಿಕೊಂಡು ಗುತ್ತೇದಾರರು ಬರುತ್ತಾರೆ. "ಅರ್ಧಾ ರೊಕ್ಕ ಕೊಡ್ರಿ, ಪರಿಹಾರದ ಕಾಗದಾನೂ ನಾವ ಮಾಡಿಸ್ತೀವಿ" ಅನ್ನುತ್ತಾರೆ. ಪತ್ರಾಸು ಹಾಕುವವನೇ ಹಾನಿಯ ಕಾಗದವನ್ನೂ ನೋಡುವುದು ಸರಿಯಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಹೀಗೆ ಒಂದೇ ಮನೆಗೆ ಎರಡೂ ಕೆಲಸ ಮಾಡಬಾರದೆಂದು ಕಾನೂನೇ ಇದೆ. ಅಲ್ಲಿಯೂ ಆಣೆಕಲ್ಲಿನ ಬೆನ್ನು ಹತ್ತಿ ಊರೂರಿಗೆ ಗುತ್ತೇದಾರರು ಬರುತ್ತಾರಂತೆ! ನಮ್ಮ ಪರಿಹಾರದ ಅರ್ಜಿಗೆ ದಲ್ಲಾಳಿ ಬೇಕಾಗಿಲ್ಲ. ಕೆಲಸ ಕೊಡುವುದಾದರೆ ಹತ್ತಿರದ ವೆಲ್ಡಿಂಗ್ ಅಂಗಡಿಯವರಿಗೆ ಕೊಡಿರಿ, ಸೋರಿದರೆ ಕರೆಯಲು ಸಿಗುತ್ತಾರೆ. ಪತ್ರಾಸಿನ ಕಂಪನಿ, ದಪ್ಪ ಎಷ್ಟು ಮಿಲಿಮೀಟರ್, ಎಷ್ಟು ಹಾಳೆ, ಹಳೇ ಪತ್ರಾಸು ಯಾರಿಗೆ ಎಂಬುದನ್ನು ಚೀಟಿಯಲ್ಲಿ ಬರೆಸಿರಿ. ಗೇಜ್ ಲೆಕ್ಕ ಹೇಳಿದರೆ ನೆನಪಿರಲಿ: ನಂಬರ್ ಹೆಚ್ಚಾದಷ್ಟು ತಗಡು ತೆಳು.

ಹಾಕುವಾಗ ಬುಡದಲ್ಲಿ ನಿಂತು ನೋಡಬೇಕು. ಜೆ ಹುಕ್ಕನ್ನು ಪತ್ರಾಸಿನ ಉಬ್ಬಿನ ಮೇಲೆ ಹಾಕಬೇಕು, ತಗ್ಗಿನಲ್ಲಿ ಹಾಕಿದರೆ ನೀರು ಅಲ್ಲಿಯೇ ಇಳಿಯುತ್ತದೆ. ಕೆಳಗೆ ಡಾಂಬರು ವಾಶರ್ ಇರಲಿ. ಸಿಮೆಂಟ್ ಪತ್ರಾಸಿಗೆ ಅಡ್ಡ ಪೈಪುಗಳ ನಡುವೆ ನಾಲ್ಕೂವರೆ ಅಡಿಗಿಂತ ಹೆಚ್ಚು ಅಂತರ ಬೇಡ. ಒಂದು ಹಾಳೆ ಇನ್ನೊಂದರ ಮೇಲೆ ಉದ್ದಕ್ಕೆ ಆರು ಇಂಚು ಬರಬೇಕು. ಗಾಳಿಗೆ ಹಾರಬಾರದೆಂದು ಮೇಲೆ ಕಲ್ಲು ಹೇರುವ ರೂಢಿ ಬಿಡಬೇಕು. ಪತ್ರಾಸು ಎದ್ದಾಗ ಆ ಕಲ್ಲು ಕೆಳಗೆ ಮಲಗಿದವರ ಮೇಲೆಯೇ ಬೀಳುತ್ತದೆ. ಯುಗಾದಿಗೆ ಸುಣ್ಣ ಹಚ್ಚುವಾಗ ನಿಚ್ಚಣಿಕೆ ಹೇಗೂ ಹಚ್ಚಿರುತ್ತೇವೆ, ಆಗಲೇ ಸಡಿಲಾದ ಹುಕ್ಕುಗಳನ್ನು ಪಾನಾ ಹಾಕಿ ಬಿಗಿದುಕೊಳ್ಳಬಹುದು.