ಗರಸು ಹತ್ತುವ ತನಕ

ಬ್ಯಾಂಕಿನಲ್ಲಿ ಹದಿನೆಂಟು ವರ್ಷ ಗೃಹಸಾಲದ ಕಾಗದ ತಿರುವಿದವನು ನಾನು. ಮಂದಿಯ ಖರೀದಿ ಪತ್ರದಲ್ಲಿ ಒಂದಕ್ಷರ ತಪ್ಪಿದ್ದರೂ ಹಿಡಿದು ವಾಪಸ್ ಕಳಿಸುತ್ತಿದ್ದೆ. 2011ರಲ್ಲಿ ಹುಬ್ಬಳ್ಳಿಯ ಹೊರವಲಯದಲ್ಲಿ ನನ್ನದೇ ಪ್ಲಾಟು ಕೊಂಡಾಗ ಆ ಜಾಣತನವೆಲ್ಲ ಎಲ್ಲಿ ಹೋಗಿತ್ತೋ! ಎಡವಿದ ಜಾಗಗಳನ್ನಷ್ಟೇ ಇಲ್ಲಿ ಬರೆದಿದ್ದೇನೆ.

1. ಪ್ಲಾಟನ್ನು ಮಳೆಗಾಲದಲ್ಲೂ ಒಮ್ಮೆ ನೋಡಿ

ನಾನು ನೋಡಿದ್ದು ಏಪ್ರಿಲ್‌ನಲ್ಲಿ. ನೆಲ ಅಂಗೈ ಇಳಿಯುವಷ್ಟು ಬಿರಿದಿತ್ತು. ಇದು ಎರೆ ಭೂಮಿ ಎಂದು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಜೋಳ, ಕಡಲೆಗೆ ಬಂಗಾರದಂಥ ಮಣ್ಣು. ಪಾಯಕ್ಕೆ ಮಾತ್ರ ಕಂಟಕ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮೇಲಿನ ಗೋಡೆಯನ್ನೂ ತನ್ನ ಜೊತೆ ಎತ್ತಿ ಇಳಿಸುತ್ತದೆ. ಆಷಾಢದಲ್ಲಿ ಹೋದಾಗ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಅಷ್ಟರಲ್ಲಿ ಖರೀದಿ ಮುಗಿದಿತ್ತು.

ಪಾಯಕ್ಕೆ ನಾಲ್ಕಡಿ ಎಂದು ಲೆಕ್ಕ ಹಾಕಿದ್ದೆ. ನಾಲ್ಕಕ್ಕೂ ಕರಿ ಮಣ್ಣು, ಐದಕ್ಕೂ ಕರಿ ಮಣ್ಣು. “ಗರಸು ಹತ್ತೋ ತನಕ ಬಿಡಬ್ಯಾಡ್ರಿ ಸಾಹೇಬ್ರ, ಇಲ್ಲಿ ರೊಕ್ಕ ಉಳಿಸಿದ್ರ ಗ್ವಾಡಿ ಮ್ಯಾಲೆ ಕಾಣತೈತಿ” ಅಂದರು ನಮ್ಮ ಗೌಂಡಿ. ಗರಸು, ಅಂದರೆ ಕರಿ ಮಣ್ಣಿನ ಕೆಳಗಿನ ಗಟ್ಟಿ ನೆಲ, ಸಿಕ್ಕಿದ್ದು ಏಳೂವರೆ ಅಡಿಗೆ. ಅಡುಗೆಮನೆಯ ಕಪಾಟಿಗೆಂದು ತೆಗೆದಿಟ್ಟಿದ್ದ ದುಡ್ಡೆಲ್ಲ ಆ ತಗ್ಗಿಗೇ ಬಿತ್ತು. ಮಣ್ಣು ಪರೀಕ್ಷೆಯ ಖರ್ಚು ಇದರ ಮುಂದೆ ಏನೂ ಅಲ್ಲ. ಅದೂ ಹೋಗಲಿ, ಪಕ್ಕದಲ್ಲಿ ಮನೆ ಕಟ್ಟಿದವರನ್ನು “ನಿಮಗ ಎಷ್ಟಡಿಗೆ ಗರಸು ಹತ್ತಿತ್ರಿ?” ಎಂದು ಕೇಳಲು ಒಂದು ಕಪ್ ಚಹಾದ ಹೊತ್ತು ಸಾಕಿತ್ತು.

2. ಇಸಿಯಲ್ಲಿ ಇಲ್ಲದವರನ್ನು ಹುಡುಕಿ

ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇಸಿ, ಸ್ವಚ್ಛವಾಗಿತ್ತು. ಉತಾರ, ಎನ್‌ಎ (ಕೃಷಿಯೇತರ) ಆದೇಶ, ನಕ್ಷೆ ಎಲ್ಲವೂ ಸರಿ. ಪಿತ್ರಾರ್ಜಿತ ಹೊಲದಲ್ಲಿ ಪ್ಲಾಟು ಹಾಕಿದ್ದ ಅಣ್ಣತಮ್ಮಂದಿರಿಬ್ಬರೂ ಬಂದು ಸಹಿ ಮಾಡಿದರು. ಎರಡು ವರ್ಷದ ಮೇಲೆ ವಕೀಲರ ನೋಟಿಸ್ ಬಂತು. ಬೈಲಹೊಂಗಲಕ್ಕೆ ಕೊಟ್ಟಿದ್ದ ಅಕ್ಕ ಒಬ್ಬರಿದ್ದರು!

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಸಾಲ ಕೇಳಿ ಬಂದವರಿಗೆ ಇದನ್ನು ನಾನೇ ತಿಳಿಹೇಳುತ್ತಿದ್ದೆ. ಇಸಿ ತೋರಿಸುವುದು ನೋಂದಣಿಯಾದ ವ್ಯವಹಾರವನ್ನು ಮಾತ್ರ. ಸಹಿ ಮಾಡಬೇಕಿದ್ದೂ ಮಾಡದವರ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು? ವಂಶಾವಳಿ ತನ್ನಿ ಎಂದಿದ್ದರೆ ಅಂದೇ ತಿಳಿಯುತ್ತಿತ್ತು. ಬೈಲಹೊಂಗಲಕ್ಕೆ ಮೂರು ಸಲ ಹೋಗಿ ಆ ಅಕ್ಕನವರ ಎದುರು ಕೂತೆ. ಅವರು ಕೇಳಿದ್ದು ನ್ಯಾಯದ ಮಾತೇ. ತಮ್ಮಂದಿರು ಪಾಲಿನ ಹಣ ಕೊಟ್ಟ ಮೇಲೆ ಒಪ್ಪಿಗೆಯ ಪತ್ರ ನೋಂದಣಿ ಮಾಡಿಸಿಕೊಟ್ಟರು. ಆ ವರ್ಷವೆಲ್ಲ ನನಗೆ ಸರಿಯಾಗಿ ನಿದ್ದೆ ಬಂದದ್ದು ನೆನಪಿಲ್ಲ.

3. ಸಂಪು ತೋಡುವ ಮೊದಲು ನಳದ ಪಾಳಿ ಕೇಳಿ

ಆಗ ನಮ್ಮ ಓಣಿಗೆ ನಳ ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ಸವದತ್ತಿ ಕಡೆಯಿಂದ ಮಲಪ್ರಭೆ ಬರಬೇಕು. ನಾನು ಕಟ್ಟಿಸಿದ ಸಂಪು ಮೂರು ಸಾವಿರ ಲೀಟರಿನದು. ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೂ ಐದು ಮಂದಿಗೆ ಎಂಟು ದಿನಕ್ಕೆ 5,400 ಬೇಕು. ಬಡ್ಡಿ ಲೆಕ್ಕ ಬಾಯಲ್ಲೇ ಮಾಡುವವನಿಗೆ ಈ ಗುಣಾಕಾರ ಹೊಳೆಯಲಿಲ್ಲ. ಟ್ಯಾಂಕರಿನವನ ನಂಬರು ನಮ್ಮ ಮನೆಯಲ್ಲಿ ಮಕ್ಕಳಿಗೂ ಬಾಯಿಪಾಠ.

4. ಚದರಡಿ ದರದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ

ಕಂಪೌಂಡ್? “ಅದು ಬ್ಯಾರೆ ರೀ.” ಸಂಪು? “ಅದೂ ಬ್ಯಾರೆ.” ಛಜ್ಜಾವನ್ನು ಮಾತ್ರ ಅಳತೆಗೆ ಹಿಡಿದಿದ್ದರು. ತಪ್ಪು ಗೌಂಡಿಯವರದಲ್ಲ. ಸಾಲಗಾರರಿಂದ ಪುಟಪುಟಕ್ಕೂ ಸಹಿ ಹಾಕಿಸುವವನು, ನನ್ನ ಮನೆಯ ಕರಾರನ್ನು ಚಹಾದಂಗಡಿಯಲ್ಲಿ ಬಾಯಿಮಾತಿನಲ್ಲೇ ಮುಗಿಸಿದ್ದೆ.

5. ಸ್ಲ್ಯಾಬ್ ಹಾಕಿದ ಮೇಲೆ ಊರು ಬಿಡಬೇಡಿ

ಮೂರನೇ ದಿನ ಸೋದರಮಾವನ ಮಗನ ಮದುವೆಗೆಂದು ಗದಗಕ್ಕೆ ಹೋದೆ. ಹುಡುಗನೊಬ್ಬನಿಗೆ ನೀರು ಹೊಡೆಯಲು ಹೇಳಿದ್ದೆ. ನಾವು ತಂದಿದ್ದು ಪಿಪಿಸಿ ಸಿಮೆಂಟು. ಅದಕ್ಕೆ ಕನಿಷ್ಠ 10 ದಿನ ಹಸಿ ಆರಬಾರದು. ತಿರುಗಿ ಬಂದಾಗ ಸ್ಲ್ಯಾಬಿನ ಮೇಲೆ ಹುಡುಗ ಗಾಳಿಪಟ ಹಾರಿಸುತ್ತಿದ್ದ. ಜೋರು ಮಳೆಯಾದರೆ ಈಗಲೂ ಪಡಸಾಲೆಯ ಒಂದು ಮೂಲೆಯಲ್ಲಿ ಬಕೆಟ್ ಇಡುತ್ತೇವೆ.

6. ಸಣ್ಣ ಕೋಣೆಗೂ ಅದೇ ಮಣ್ಣು

ಮನೆ ಮುಗಿದ ಮೇಲೆ ಹಿತ್ತಲಲ್ಲಿ ಒಂದು ಕೋಣೆ ಸೇರಿಸಿದೆವು. ರೊಕ್ಕ ಮುಗಿದಿತ್ತು. ಸಾಮಾನು ಇಡುವ ಕೋಣೆ ತಾನೇ, ಮೂರಡಿ ಪಾಯ ಸಾಕು ಎಂದು ಪಟ್ಟು ಹಿಡಿದವನು ನಾನೇ. ಗೌಂಡಿ ಈ ಸಲ ಏನೂ ಅನ್ನಲಿಲ್ಲ. ಆ ಗೋಡೆಯ ಬಿರುಕು ಪ್ರತಿ ಏಪ್ರಿಲ್‌ಗೆ ಪೆನ್ಸಿಲ್ ಹೋಗುವಷ್ಟು ಬಾಯಿ ಬಿಡುತ್ತದೆ, ಶ್ರಾವಣಕ್ಕೆ ಮುಚ್ಚಿಕೊಳ್ಳುತ್ತದೆ. ಮೂರು ಸಲ ಸಿಮೆಂಟು ಮೆತ್ತಿಸಿದೆ. ಈಗ ಅದಕ್ಕೆ ಅಡ್ಡವಾಗಿ ಹಳೆಯ ಕಪಾಟೊಂದನ್ನು ನಿಲ್ಲಿಸಿದ್ದೇನೆ.