ಮಣಿಕಟ್ಟಿನ ಮೇಲೊಂದು ಸುಳ್ಳು

ಸತ್ಯವಿಶ್ವಾಸಿಗೆ ಕೈಗಡಿಯಾರವು ಕೇವಲ ಅಲಂಕಾರವಲ್ಲ. ನಮಾಝ್ ನಿಶ್ಚಿತ ಸಮಯಗಳಲ್ಲಿ ಕಡ್ಡಾಯವಾದ ಆರಾಧನೆಯೆಂದು ಅನ್ನಿಸಾ ಅಧ್ಯಾಯವು ನಮಗೆ ತಿಳಿಸುತ್ತದೆ. ಆ ಸಮಯವನ್ನು ನೆನಪಿಸಬೇಕಾದ ಸಾಧನವೇ ಸುಳ್ಳು ಹೇಳತೊಡಗಿದರೆ?

ಮಹಾಲಕ್ಷ್ಮಿ ಲೇಔಟ್‌ನಲ್ಲಿ ನಿವೇಶನಗಳ ದಲ್ಲಾಳಿ ಕೆಲಸ ಮಾಡುವ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಗಿರಾಕಿಗಳ ಮುಂದೆ ದೊಡ್ಡವನಾಗಿ ಕಾಣಲು ಅವನು ರೋಲೆಕ್ಸ್ ಹೆಸರಿನ ನಕಲಿ ಗಡಿಯಾರವೊಂದನ್ನು ಅಗ್ಗದ ಬೆಲೆಗೆ ಕೊಂಡು ಕಟ್ಟಿಕೊಂಡಿದ್ದಾನೆ. ಎದುರಿಗೆ ಕುಳಿತವರು ಗಡಿಯಾರ ಬಲ್ಲವರು. ಇಂದಿನ ಅಸಲಿ ರೋಲೆಕ್ಸ್‌ನ ಸೆಕೆಂಡು ಮುಳ್ಳು ಸೆಕೆಂಡಿಗೆ ಹಲವು ಪುಟ್ಟ ಹೆಜ್ಜೆಯಿಟ್ಟು ಜಾರುವಂತೆ ಸಾಗುತ್ತದೆ; ಬ್ಯಾಟರಿಯ ಅಗ್ಗದ ನಕಲಿನಲ್ಲಿ ಸೆಕೆಂಡಿಗೊಮ್ಮೆ ನೆಗೆಯುತ್ತದೆ. ಅವರು ಏನೂ ಹೇಳುವುದಿಲ್ಲ. ಆದರೆ ಅವನು ತೋರಿಸಿದ ಕ್ರಯಪತ್ರವೂ ಹೀಗೆಯೇ ಇರಬಹುದೇ ಎಂಬ ಶಂಕೆ ಅವರ ಮನಸ್ಸಿನಲ್ಲಿ ಮೊಳೆಯುತ್ತದೆ. ಪತ್ರ ಅಸಲಿಯೇ ಆಗಿದ್ದರೂ ವ್ಯವಹಾರ ಮುರಿಯುತ್ತದೆ.

ಇನ್ನು, ನಕಲಿಯೆಂದು ಯಾರಿಗೂ ತಿಳಿಯಲಿಲ್ಲವೆಂದೇ ಇಟ್ಟುಕೊಳ್ಳಿ. ಆಗ ಇನ್ನೊಂದು ಪ್ರಶ್ನೆ ಏಳುತ್ತದೆ: ಇಷ್ಟು ಹಣ ಎಲ್ಲಿಂದ ಬಂತು? 2016ರಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಧರಿಸಿದ್ದ ಹ್ಯೂಬ್ಲೋ ಗಡಿಯಾರದ ಬಗ್ಗೆ ನಾಡಿನಾದ್ಯಂತ ಚರ್ಚೆಯಾಯಿತು. ಅದು ಸ್ನೇಹಿತರೊಬ್ಬರ ಉಡುಗೊರೆಯೆಂದು ಅವರು ವಿವರಿಸಿದರು. ಮಾರ್ಚ್ ತಿಂಗಳಲ್ಲಿ ಅದನ್ನು ವಿಧಾನಸಭೆಯ ಸಭಾಧ್ಯಕ್ಷರಿಗೆ ಒಪ್ಪಿಸಿದರು. ಅಸಲಿ ಗಡಿಯಾರಕ್ಕೇ ಇಷ್ಟು ಲೆಕ್ಕ ಕೊಡಬೇಕಾದರೆ, ನಕಲಿ ಕಟ್ಟಿದ ಗುಮಾಸ್ತನೋ ಲೆಕ್ಕಿಗನೋ ಏನು ಉತ್ತರಿಸಿಯಾನು? ಅಸಲಿಯೆಂದರೆ ಲಂಚದ ಶಂಕೆ, ನಕಲಿಯೆಂದರೆ ಸುಳ್ಳುಗಾರನೆಂಬ ಹೆಸರು.

ಹಝ್ರತ್ ಅಸ್ಮಾ(ರ) ವರದಿ ಮಾಡಿರುವ ಒಂದು ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಪತಿ ಕೊಡದಿದ್ದುದನ್ನು ಕೊಟ್ಟನೆಂದು ಸವತಿಯ ಮುಂದೆ ತೋರಿಸಿಕೊಳ್ಳಬಹುದೇ ಎಂದು ಓರ್ವ ಮಹಿಳೆ ಕೇಳಿದಾಗ, ತನಗೆ ದೊರೆಯದ್ದನ್ನು ದೊರೆತಂತೆ ತೋರಿಸಿಕೊಳ್ಳುವವನನ್ನು ಪ್ರವಾದಿ(ಸ)ಯವರು ಸುಳ್ಳಿನ ಎರಡು ಉಡುಪು ತೊಟ್ಟವನಿಗೆ ಹೋಲಿಸಿದರು. ನಕಲಿ ಗಡಿಯಾರದ ಕಥೆಯೂ ಇದೇ ಅಲ್ಲವೇ?

'ಇದು ನಕಲಿಯೆಂದು ನಾನೇ ಹೇಳುತ್ತೇನಲ್ಲ' ಎಂದು ಕೆಲವರು ವಾದಿಸುತ್ತಾರೆ. ಹಾಗೆ ಹೇಳಿದರೆ ನೋಡುವವನಿಗೆ ವಂಚನೆಯಾಗಲಿಲ್ಲ, ನಿಜ. ಆದರೆ ಇನ್ನೊಬ್ಬರ ಶ್ರಮದ ಹೆಸರನ್ನು ಕದ್ದು ಮುದ್ರಿಸಿದವನಿಗೆ ನಮ್ಮ ಹಣ ಸಂದಿತು. ಪಾಪದಲ್ಲಿ ಸಹಕರಿಸಬಾರದೆಂಬ ಅಲ್‌ಮಾಇದಾ ಅಧ್ಯಾಯದ ಆಜ್ಞೆ ಇಲ್ಲಿ ನೆನಪಾಗಬೇಕು. ನಮ್ಮ ದೇಶದ 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಲ್ಲಿ ಇಂತಹ ಮಾಲು ತಯಾರಿಸುವವರಿಗೂ ಮಾರುವವರಿಗೂ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಊರಿನಿಂದ ನಾಲ್ಕು ತಂದು ಸಹೋದ್ಯೋಗಿಗಳಿಗೆ ಮಾರುವವನೂ ಮಾರಾಟಗಾರನೇ ಎಂಬುದನ್ನು ಮರೆಯದಿರಿ.

ಹಾಗಾದರೆ ಒಳ್ಳೆಯ ಗಡಿಯಾರ ಕಟ್ಟಬಾರದೇ? ಖಂಡಿತ ಕಟ್ಟಬಹುದು, ಗಂಡಸರಿಗೆ ಚಿನ್ನ ನಿಷಿದ್ಧವೆಂಬುದು ನೆನಪಿರಲಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದೊಂದಿಗೆ ಇದೇ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾಯಿತು. ಅದರ 'ಜನತಾ' ಗಡಿಯಾರ ಕಟ್ಟಿಕೊಂಡು ನಮ್ಮ ಹಿರಿಯರು ಕಚೇರಿಗೂ ಹೋದರು, ಮಸೀದಿಗೂ ಹೋದರು. ಅವರ ಮಾತಿಗೆ ಬೆಲೆಯಿತ್ತು. ಗಡಿಯಾರದ ಬೆಲೆಯನ್ನು ಯಾರೂ ಕೇಳಲಿಲ್ಲ.

ತಾಯ್ತಂದೆಯರೇ, ಮೊದಲ ಸಂಬಳ ತಂದ ಮಗನಿಗೆ ಇದನ್ನು ಪ್ರೀತಿಯಿಂದ ಹೇಳಿರಿ. ಅಲ್ಲಾಹನು ನಮ್ಮ ಒಳಗನ್ನೂ ಹೊರಗನ್ನೂ ಒಂದಾಗಿಸಲಿ. ಆಮೀನ್.