ಕುದುರೆ ಮರಿಯ ಕಿವಿ ಏನು ಹೇಳುತ್ತದೆ?

ಸುಗ್ಗಿ ಮುಗಿದ ಮೇಲೆ ನಮ್ಮ ಊರಿಗೆ ಕುರಿಗಾರರು ಬರುತ್ತಾರೆ. ಹೊಲದಾಗ ಕುರಿ ನಿಲ್ಲಿಸಿದರೆ ಗೊಬ್ಬರ ಆಗ್ತದ ಅಂತ ರೈತರೇ ಅವರನ್ನು ಕರೆಸುತ್ತಾರೆ. ಅವರ ಗಂಟು, ಪಾತ್ರೆ, ಆಗಷ್ಟೇ ಹುಟ್ಟಿದ ಕುರಿಮರಿ ಎಲ್ಲವನ್ನೂ ಹೊರುವುದು ಕುದುರೆ. ಈ ಸಲ ಬಂದವರ ಹತ್ತಿರ ಎರಡು ವರ್ಷದ ಒಂದು ಮರಿಯೂ ಇದೆ. ನಮ್ಮ ಶಾಲೆಯ ಕೆಲವು ಹುಡುಗರು ಅದರ ಮೇಲೆ ಹತ್ತಬೇಕು ಅಂತ ದಿನಾ ಸಂಜೆ ಹೋಗ್ತಾರ. ಅವರು ಹೋಗುವುದಕ್ಕಿಂತ ಮೊದಲು ಇದನ್ನು ಓದಲಿ ಅಂತ ಬರೆದಿದ್ದೇನೆ. ಕುರಿಗಾರ ಅಜ್ಜ ಹೇಳಿದ್ದು, ಪುಸ್ತಕದಲ್ಲಿ ಓದಿದ್ದು ಎರಡೂ ಇದರಲ್ಲಿವೆ.

ಕುದುರೆ ಬೇಟೆಯಾಡುವ ಪ್ರಾಣಿ ಅಲ್ಲ, ಬೇಟೆಗೆ ಸಿಗುವ ಪ್ರಾಣಿ. ಆದ್ದರಿಂದ ಅದಕ್ಕೆ ಮೊದಲು ಬರುವುದು ಭಯ. ಮರಿ ಹುಟ್ಟಿ ಒಂದೆರಡು ತಾಸಿನಲ್ಲೇ ಎದ್ದು ನಿಲ್ಲುತ್ತದೆ, ಅವತ್ತೇ ತಾಯಿಯ ಹಿಂದೆ ಓಡುತ್ತದೆ. ಕಣ್ಣುಗಳು ತಲೆಯ ಎರಡೂ ಪಕ್ಕಕ್ಕೆ ಇರುವುದರಿಂದ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದೇ ಇರುವುದು ಎರಡೇ ಕಡೆ: ಬಾಲದ ಸರಿ ಹಿಂದೆ ಮತ್ತು ಹಣೆಯ ತೀರಾ ಮುಂದೆ. ನಮ್ಮವರು ಹೋಗಿ ನಿಲ್ಲುವುದು ಬರೋಬ್ಬರಿ ಆ ಎರಡು ಕಡೆಯೇ! ಸಪ್ಪಳ ಮಾಡದೆ ಹಿಂದಿನಿಂದ ಹೋದರೆ ಅದು ತೋಳ ಬಂತು ಅಂತ ತಿಳಿದು ಒದೆಯುತ್ತದೆ. ಮಾತಾಡುತ್ತಾ, ಭುಜದ ಕಡೆಯಿಂದ ಓರೆಯಾಗಿ ಹೋಗಬೇಕು.

ಹೋಗುವಾಗ ಕಿವಿ ನೋಡಬೇಕು. ಕಿವಿ ಮುಂದಕ್ಕೆ ಇದ್ದರೆ ಅದು ನಿಮ್ಮನ್ನು ಗಮನಿಸುತ್ತಿದೆ. ಒಂದು ಕಿವಿ ಆ ಕಡೆ, ಒಂದು ಈ ಕಡೆ ತಿರುಗುತ್ತಿದ್ದರೆ ಎರಡೂ ಕಡೆ ಕೇಳಿಸಿಕೊಳ್ಳುತ್ತಿದೆ. ಕಿವಿ ಹಿಂದಕ್ಕೆ ಮಡಚಿ ಕುತ್ತಿಗೆಗೆ ಒತ್ತಿ ಹಿಡಿದರೆ ಸಿಟ್ಟು. ಆಗ ಒಂದು ಹೆಜ್ಜೆಯೂ ಮುಂದೆ ಇಡಬಾರದು. ಕಿವಿ ಒಂದನ್ನೇ ನೋಡಿದರೂ ಸಾಲದು. ತಲೆ ಎತ್ತಿ, ಮೂಗಿನ ಹೊಳ್ಳೆ ಅಗಲಿಸಿ, ಕಣ್ಣಿನ ಬಿಳಿ ಕಾಣುವಂತೆ ನೋಡಿದರೆ ಹೆದರಿದೆ ಅಂತ ಅರ್ಥ. ಬಾಲವನ್ನು ಒಳಗೆ ಬಿಗಿಹಿಡಿದರೂ ಹಾಗೆಯೇ. ನೊಣ ಇಲ್ಲದಿದ್ದರೂ ಬಾಲ ಬೀಸುತ್ತಿದ್ದರೆ ಅದಕ್ಕೆ ಬೇಜಾರಾಗಿದೆ. ತಲೆ ಕೆಳಗೆ ಬಿಟ್ಟು, ಕೆಳತುಟಿ ಜೋಲು ಬಿಟ್ಟು, ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ನಿಂತಿದ್ದರೆ ಆರಾಮ ಇದೆ. ಸಣ್ಣ ಮರಿಗಳು ದೊಡ್ಡ ಕುದುರೆಯ ಮುಂದೆ ಬಾಯಿ ತೆರೆದು ಮುಚ್ಚಿ ಮಾಡ್ತಾವ. ಅದು ಕಚ್ಚಲಿಕ್ಕೆ ಅಲ್ಲ, "ನಾ ಸಣ್ಣವ, ನನಗೇನೂ ಮಾಡಬ್ಯಾಡ" ಅನ್ನುವ ರೀತಿ.

ನಾವು ಕುದುರೆಯನ್ನು ನೋಡುವುದಕ್ಕಿಂತ ಅದೇ ನಮ್ಮನ್ನು ಚೆನ್ನಾಗಿ ನೋಡುತ್ತದೆ. ಜರ್ಮನಿಯ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಇತ್ತು. ಅದರ ಯಜಮಾನ ಫಾನ್ ಓಸ್ಟೆನ್ ಗಣಿತದ ಮಾಸ್ತರರು. ಲೆಕ್ಕ ಕೇಳಿದರೆ ಅದು ಉತ್ತರ ಎಷ್ಟೋ ಅಷ್ಟು ಸಲ ಗೊರಸು ಬಡಿಯುತ್ತಿತ್ತು. 1904ರಲ್ಲಿ ಪಂಡಿತರೆಲ್ಲ ಸೇರಿ ಪರೀಕ್ಷೆ ಮಾಡಿದರು, ಮೋಸ ಏನೂ ಸಿಗಲಿಲ್ಲ. ಆಮೇಲೆ ಫುಂಗ್ಸ್ಟ್ ಎಂಬುವರು ಗುಟ್ಟು ಕಂಡುಹಿಡಿದು 1907ರಲ್ಲಿ ಪ್ರಕಟಿಸಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿ ಸಂಖ್ಯೆ ಬಂದ ಕೂಡಲೇ ಕೇಳುವವರ ತಲೆ ಕೂದಲೆಳೆಯಷ್ಟು ಮೇಲೆ ಏಳುತ್ತಿತ್ತು. ಅದನ್ನು ನೋಡಿ ಹಾನ್ಸ್ ನಿಲ್ಲಿಸುತ್ತಿತ್ತು. (ನಮ್ಮ ತರಗತಿಯಲ್ಲೂ ಸರ್ ಮುಖ ನೋಡಿ ಉತ್ತರ ಹೇಳುವವರು ಇದ್ದಾರೆ.) ಇಷ್ಟು ಸೂಕ್ಷ್ಮ ನೋಡುವ ಪ್ರಾಣಿಯ ಮುಂದೆ ಕೋಲು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹೋದರೆ ಅದಕ್ಕೆ ತಿಳಿಯದೇ ಇರುತ್ತದೆಯೇ?

ಪಳಗಿಸುವ ಕೆಲಸ ಮುಟ್ಟುವುದರಿಂದ ಶುರು. ಮೊದಲು ಕುತ್ತಿಗೆ, ಭುಜ, ಆಮೇಲೆ ಬೆನ್ನು, ಕಾಲು. ಮರಿ ಶಾಂತವಾದ ಮೇಲೆಯೇ ಕೈ ತೆಗೆಯಬೇಕು. ಕೊಸರಾಡಿದಾಗ ತೆಗೆದರೆ ಕೊಸರಾಡುವುದನ್ನೇ ಕಲಿಯುತ್ತದೆ. ನಡೆಸುವುದೂ ಹೀಗೆಯೇ. ಮುಖಕ್ಕೆ ಕಟ್ಟಿದ ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ ಕಾಯಬೇಕು; ಒಂದೇ ಹೆಜ್ಜೆ ಇಟ್ಟರೂ ತಕ್ಷಣ ಸಡಿಲ ಬಿಡಬೇಕು. ಹಗ್ಗ ಸಡಿಲ ಆಗುವುದೇ ಅದಕ್ಕೆ ಶಭಾಷ್. ತಡ ಮಾಡಿ ಬಿಟ್ಟರೆ ಯಾವುದಕ್ಕೆ ಶಭಾಷ್ ಸಿಕ್ಕಿತು ಅಂತ ಅದಕ್ಕೆ ತಿಳಿಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ಖಾಲಿ ಚೀಲ ತೋರಿಸಿ, ಮೂಸಲು ಬಿಟ್ಟು, ಬೆನ್ನ ಮೇಲಿಟ್ಟು ತೆಗೆಯಬೇಕು. ಎಡಗಡೆಯಿಂದ ಮಾಡಿದ್ದನ್ನು ಬಲಗಡೆಯಿಂದ ಮತ್ತೆ ಮಾಡಬೇಕು, ಯಾಕಂದ್ರ ಎಡಗಡೆ ಹೆದರದ ಮರಿ ಬಲಗಡೆ ಹೆದರಬಹುದು. "ಹೊಡದ್ರ ಅದು ದಾರಿ ಕಲಿಯಂಗಿಲ್ಲ, ನಮ್ಮ ಕೈಗೆ ಅಂಜೂದು ಕಲೀತದ" ಅಂತ ಅಜ್ಜ ಹೇಳಿದರು.

ಈಗ ಹತ್ತುವ ವಿಷಯ. ಎರಡು ವರ್ಷದ ಮರಿ ನೋಡಲು ಎತ್ತರ ಇರುತ್ತದೆ, ಆದರೆ ಒಳಗೆ ಎಲುಬು ಇನ್ನೂ ಎಳೆಯದು. ಬೆನ್ನಿನ ಎಲುಬುಗಳು ಪೂರ್ತಿ ಗಟ್ಟಿಯಾಗಲು ಐದಾರು ವರ್ಷ ಬೇಕು. ರೇಸಿನ ಕುದುರೆಗಳನ್ನು ಎರಡು ವರ್ಷಕ್ಕೇ ಓಡಿಸುವುದುಂಟು, ಅದು ನನಗೆ ಸರಿ ಅನಿಸುವುದಿಲ್ಲ. ಅಜ್ಜ ಮೂರು ತುಂಬುವ ತನಕ ಗಂಟೂ ಹೊರಿಸುವುದಿಲ್ಲ. ಅಂಥ ಮರಿಯ ಮೇಲೆ ಇಬ್ಬಿಬ್ಬರು ಕೂತರೆ ಅದು ಕಿವಿ ಮಡಚಿ ಒದೆಯದೆ ಇನ್ನೇನು ಮಾಡಬೇಕು? ಅದಕ್ಕೆ "ಹಠಮಾರಿ" ಅಂತ ಹೆಸರು ಬೇರೆ.

ನೋವಿನ ಗುರುತು ಬೇರೆ ಇವೆ. ಹಿಂಗಾಲು ಸಡಿಲ ಬಿಡುವುದು ಸಹಜ, ಆದರೆ ಮುಂಗಾಲಿನ ಮೇಲೆ ಭಾರ ಹಾಕದೆ ಅದನ್ನು ಮುಂದೆ ಚಾಚಿ ನಿಂತರೆ ಕಾಲಿನಲ್ಲಿ ನೋವಿದೆ. ನೆಲ ಕೆರೆಯುತ್ತಾ, ತಿರುತಿರುಗಿ ಹೊಟ್ಟೆಯ ಕಡೆ ನೋಡುತ್ತಾ, ಬಿದ್ದು ಹೊರಳಾಡಿದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಇದು ಜೀವಕ್ಕೇ ಅಪಾಯ. ಮೇವು ತೆಗೆದಿಟ್ಟು ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಕುರಿಗಾರರು ಹೊಲದಲ್ಲಿ ಇರುವಾಗ ನೀವು ಇದನ್ನು ಕಂಡರೆ ಓಡಿಹೋಗಿ ಅವರಿಗೆ ತಿಳಿಸಿರಿ.